ಹೇಳಿದವನೇ ಬಿಚ್ಚಬೇಕು

ಲಾರಿ ಗೇಟಿನೊಳಗೆ ಮೂತಿ ತೂರಿಸಿದಾಗ ಗಂಟೆ ಹತ್ತೂವರೆ. ಕಿರಿ ಮೇಸ್ತ್ರಿ ಹತ್ತಬೇಕಾದ ಬಸ್ಸು ಎರಡೂವರೆಗೆ. ನಡುವಿನ ನಾಲ್ಕು ಗಂಟೆ ಅವನು ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಟ್ಟರೆ ಸಾಕಿತ್ತು. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಗೋಡೆಗೂ ಬರುತ್ತದೆ, ಕಂಬಕ್ಕೂ ಬರುತ್ತದೆ. ಕಿರಿ ಮೇಸ್ತ್ರಿಗೆ ಅದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು.

ಕಿರಿ ಎಂದರೆ ಎಳೆಯ ಹುಡುಗನೆಂದು ತಿಳಿಯಬೇಡಿ. ನಲವತ್ತಾರು ವರ್ಷ, ಕಿವಿಯ ಮೇಲೆ ಬಿಳಿಕೂದಲು, ಬಗ್ಗಿದರೆ ಸೊಂಟ ಹಿಡಿದುಕೊಂಡು ಏಳಬೇಕು. ಆದರೆ ಈ ಲಾರಿ ರಿಪೇರಿ ಶೆಡ್ಡಿನ ಒಡೆಯರು ಅವನ ಹೆಂಡತಿಯ ಅಪ್ಪ. ಬೀದಿಗೆಲ್ಲ ಅವರು ಹಿರಿ ಮೇಸ್ತ್ರಿ, ಹಾಗಾಗಿ ಇವನು ಸಾಯುವ ತನಕ ಕಿರಿಯನೇ. ಮದುವೆಯಾದ ಹೊಸದರಲ್ಲಿ 'ಆರು ತಿಂಗಳ ಮಟ್ಟಿಗೆ' ಎಂದು ಮನೆಅಳಿಯನಾಗಿ ಬಂದವನು. ಆ ಆರು ತಿಂಗಳಿಗೆ ಈಗ ಹನ್ನೊಂದು ವರ್ಷ.

ಗಂಡಹೆಂಡತಿ ಇರುವುದು ಶೆಡ್ಡಿನ ಮೇಲಿನ ಒಂದೇ ಕೋಣೆಯಲ್ಲಿ. ಕಿಟಕಿ ತೆರೆದರೆ ಎದುರಿಗೆ ತಗಡಿನ ಚಾವಣಿ. ಮಧ್ಯಾಹ್ನ ಅದರ ಝಳ ಹೊಡೆದು ಕಿಟಕಿ ಮುಚ್ಚಬೇಕು, ಮುಚ್ಚಿದರೆ ಕೆಳಗಿನ ಡೀಸೆಲ್ ವಾಸನೆ ಮೇಲೆ ಬಂದು ದಿಂಬಿನಲ್ಲಿ ಮನೆ ಮಾಡುತ್ತದೆ. ಮೆಟ್ಟಿಲು ಇಳಿಯುವುದು ನೇರ ಶೆಡ್ಡಿನ ಒಳಕ್ಕೆ. ಬೇರೆ ಬಾಗಿಲಿಲ್ಲ. ಹಾಲು ತರಲು ಹೋದರೂ, ಆಸ್ಪತ್ರೆಗೆ ಹೋದರೂ, ಬಿಚ್ಚಿಟ್ಟ ಎಂಜಿನ್ನುಗಳ ನಡುವೆ ದಾರಿ ಮಾಡಿಕೊಂಡು, ಗೇಟಿನ ಪಕ್ಕ ಹಳೆಯ ಬಸ್ಸಿನ ಸೀಟಿನ ಮೇಲೆ ಕೂತ ಮಾವನ ಮೊಣಕಾಲು ದಾಟಿಕೊಂಡೇ ಹೋಗಬೇಕು. ಜಗಳವಾಡಿ ಮುನಿಸಿಕೊಂಡು ಹೊರಗೆ ಹೋಗುವ ಸುಖ ಕೂಡ ಅವರಿಬ್ಬರಿಗೆ ಇರಲಿಲ್ಲ. "ಎಲ್ಲಿಗಮ್ಮ ಹೊರಟೆ?" ಎಂದು ಅಪ್ಪ ಕೇಳಿದರೆ ಮುನಿಸಿಗೆ ಬೆಲೆ ಏನು ಉಳಿಯುತ್ತದೆ?

ಇದೆಲ್ಲ ಇರಲಿ. ನಿಜವಾಗಿ ಅವನನ್ನು ಕಟ್ಟಿಹಾಕಿದ್ದು ಶೆಡ್ಡಿನ ಒಂದು ನಿಯಮ. ಮೂವತ್ತು ವರ್ಷದ ಹಿಂದೆ ಇಲ್ಲಿ ಒಬ್ಬ ದೋಷ ಹೇಳಿದ, ಇನ್ನೊಬ್ಬ ಎಂಜಿನ್ ಬಿಚ್ಚಿದ, ಮೂರನೆಯವನು ಮುಚ್ಚಿದ. ಒಂದು ಬೋಲ್ಟು ಸಡಿಲವಾಗಿ ಉಳಿಯಿತು. ಎಂಜಿನ್ ದಾರಿಯಲ್ಲಿ ಒಡೆದು ಡ್ರೈವರನ ಕಾಲು ಹೋಯಿತು. ಕೇಳಿದರೆ ಮೂವರೂ ಒಬ್ಬರ ಕಡೆ ಒಬ್ಬರು ಕೈ ತೋರಿಸಿದರು. ಅಂದೇ ಹಿರಿ ಮೇಸ್ತ್ರಿ ಸಾರಿಬಿಟ್ಟರು: ಎಂಜಿನ್ನಿನ ಹೊಟ್ಟೆಯ ದೋಷವನ್ನು ಯಾರು ಬಾಯಿಬಿಟ್ಟು ಹೇಳುತ್ತಾರೋ ಅವರೇ ಬಿಚ್ಚಬೇಕು, ಬಿಚ್ಚಿದವರೇ ಮುಚ್ಚಬೇಕು, ಗಾಡಿ ಗೇಟು ದಾಟುವ ತನಕ ಬೇರೆಯವರು ಮುಟ್ಟಬಾರದು. ಗೋಡೆಯ ಮೇಲೆ ಬರೆದಿರಲಿಲ್ಲ. ಆದರೆ ಬರೆದ ಎಷ್ಟೋ ಕಾನೂನಿಗಿಂತ ಗಟ್ಟಿಯಾಗಿತ್ತು.

ಪಕ್ಕದ ಊರಿನ ಬಸ್ ಡಿಪೋದಿಂದ ಕಿರಿ ಮೇಸ್ತ್ರಿಗೆ ಮೊದಲ ಸಲ ಕರೆ ಬಂದಾಗ ಶೆಡ್ಡಿಗೆ ಒಂದು ಕ್ರೇನ್ ಬಂತು. ಅವನು ಒಮ್ಮೆ ಕಿವಿಗೊಟ್ಟು, "ಇದರ ಮೇನ್ ಬೇರಿಂಗ್ ಹೋಗಿದೆ" ಎಂದುಬಿಟ್ಟ. ಮುಗಿಯಿತು, ಬಿಚ್ಚಿ, ಸಾಮಾನು ತರಿಸಿ, ಮುಚ್ಚುವಷ್ಟರಲ್ಲಿ ಎರಡು ತಿಂಗಳು; ಡಿಪೋದ ಕೆಲಸ ಬೇರೆಯವರ ಪಾಲು. ಎರಡನೆಯ ಸಲ ಕರೆ ಬಂದಾಗ ಒಂದು ಬೋರ್‌ವೆಲ್ ಲಾರಿ. ಮತ್ತೆ ಇವನೇ ಬಾಯಿ ತೆರೆದ. ಈಗ ಮೂರನೆಯ ಕಾಗದ ಬಂದಿತ್ತು: ಎಂಜಿನ್ ತಪಾಸಣೆ ಕೆಲಸ, ಎರಡು ಕೋಣೆಯ ಕ್ವಾರ್ಟರ್ಸು, ಇವತ್ತು ಸಂಜೆ ಐದರೊಳಗೆ ಹಾಜರಾಗಬೇಕು, ಇಲ್ಲವಾದರೆ ಬೇರೆಯವರಿಗೆ. ಬೆಳಿಗ್ಗೆ ಹೆಂಡತಿ ಬ್ಯಾಗಿನ ಜಿಪ್ಪು ಎಳೆಯುತ್ತ ಹೇಳಿದ್ದಳು. "ರೀ, ಇವತ್ತು ಎಂಜಿನ್ ಅಲ್ಲ, ಆಕಾಶವೇ ಕಳಚಿ ಬಿದ್ರೂ ನೀವು ಬಾಯಿ ತೆಗೀಬಾರದು. ಬಿದ್ದಿದೆ ಅಂತ ಬೇರೆ ಯಾರಾದ್ರೂ ಹೇಳ್ತಾರೆ."

ಲಾರಿ ಹಳೆಯ ಮಾದರಿಯದು, ಮುಂದೆ ಉದ್ದ ಬಾನೆಟ್ಟು, ಹಿಂದೆ ಹೆಂಚಿನ ಲೋಡು. ಇಳಿದವಳು ದಪ್ಪಗಿನ ಒಬ್ಬ ಡ್ರೈವರಮ್ಮ. ಕ್ಯಾಬಿನ್ನಿನ ಹಿಂಬದಿಯ ಹಲಗೆಯ ಮೇಲೆ ಅವಳ ತಾಯಿ ಮಲಗಿದ್ದಳು. ಮಂಡಿ ನೋವಿನ ಮುದುಕಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಮಗಳು ಎರಡು ವರ್ಷದಿಂದ ಜೊತೆಗೇ ಸುತ್ತಿಸುತ್ತಿದ್ದಳು.

"ಮೇಸ್ತ್ರಿಗಳೇ, ಇದು ಎಣ್ಣೆ ಕುಡೀತಿದೆ, ಕುಡಿದಷ್ಟೂ ಹಿಂದಿನಿಂದ ಸುರಿಸ್ತಿದೆ" ಎಂದಳು ಡ್ರೈವರಮ್ಮ. "ದಾರೀಲಿ ಇಬ್ರು ಆಯಿಲ್ ಸೀಲ್ ಬದಲಾಯಿಸಿದ್ರು. ಮೂರೇ ದಿನ, ಮತ್ತೆ ಅದೇ ಕಥೆ. ನಿನ್ನೆ ಎಣ್ಣೆ ಅಳೆಯೋ ಡಿಪ್‌ಸ್ಟಿಕ್ ಕಡ್ಡಿ ತಾನಾಗೇ ಹಾರಿ ಹೊರಗೆ ಬಂದಿತ್ತು. ದೆವ್ವ ಗಿವ್ವ ಹೊಕ್ಕಿಲ್ಲ ತಾನೆ?"

ಕಿರಿ ಮೇಸ್ತ್ರಿ ಮಾವನ ಕಡೆ ನೋಡಿದ. ಹಿರಿ ಮೇಸ್ತ್ರಿ ಎಂದಿನಂತೆ ಎರಡೂ ಕೈ ಕೋಟಿನ ಜೇಬಿಗಿಳಿಸಿ ಬಸ್ಸಿನ ಸೀಟಿನ ಮೇಲೆ ಕೂತಿದ್ದರು. ಎರಡು ವರ್ಷದಿಂದ ಅವರು ಸ್ಪ್ಯಾನರ್ ಹಿಡಿದಿರಲಿಲ್ಲ. ಲಾರಿಯ ಕಡೆ ಒಮ್ಮೆ ಮುಖ ತಿರುಗಿಸಿದರು, ಏನೂ ಹೇಳಲಿಲ್ಲ.

ದೆವ್ವವಲ್ಲ, ಗಾಳಿ. ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತುವುದು ಪಿಸ್ಟನ್ನಿನ ನೆತ್ತಿಯ ಮೇಲೆ. ಆ ಹೊಗೆಯಲ್ಲಿ ಒಂದಿಷ್ಟು, ಪಿಸ್ಟನ್ನಿಗೆ ಬಳೆಯಂತೆ ತೊಡಿಸಿದ ರಿಂಗುಗಳ ಸಂದಿಯಿಂದ ನುಸುಳಿ ಕೆಳಗೆ, ಎಣ್ಣೆಯಿರುವ ಹೊಟ್ಟೆಗೆ ಇಳಿಯುತ್ತದೆ. ಅದನ್ನು ಹೊರಗೆ ಬಿಡಲು ಎಂಜಿನ್ನಿನ ಪಕ್ಕೆಯಲ್ಲಿ ಒಂದು ದುಂಡನೆಯ ಡಬ್ಬಿ ಇರುತ್ತದೆ, ಅದೇ ಬ್ರೀದರ್. ಒಳಗೆ ಜರಡಿಯಂಥ ಒಂದು ಫಿಲ್ಟರು. ಎಣ್ಣೆಯ ಹನಿಯನ್ನು ಹಿಡಿದಿಟ್ಟುಕೊಂಡು ಗಾಳಿಯನ್ನು ಮಾತ್ರ ಬಿಡುತ್ತದೆ. ಅದು ಕಟ್ಟಿಕೊಂಡರೆ ಹೊಟ್ಟೆಯೊಳಗೆ ಒತ್ತಡ ಏರಿ ಎಣ್ಣೆ ಸಿಕ್ಕಸಿಕ್ಕ ಸೀಲಿನಿಂದ ಹೊರಗೆ ನುಗ್ಗುತ್ತದೆ. ಇದು ಒಂದು ಗಂಟೆಯ ಕೆಲಸ, ಎಂಜಿನ್ ಬಿಚ್ಚುವ ಮಾತೇ ಇಲ್ಲ, ನಿಯಮವೂ ತಗಲುವುದಿಲ್ಲ. ಆದರೆ ರಿಂಗುಗಳೇ ಸವೆದು ಹೋಗಿದ್ದರೂ ಲಕ್ಷಣ ಇದೇ. ಆಗ ಬ್ರೀದರ್ ಪಾಪ ಏನು ಮಾಡೀತು, ಹೊಗೆ ಧುಮ್ಮಿಕ್ಕಿ ಬರುತ್ತಿರುತ್ತದೆ. ಮೇಸ್ತ್ರಿಗಳ ಬಾಯಲ್ಲಿ ಅದಕ್ಕೆ ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅದಾದರೆ ಪೂರ್ತಿ ಎಂಜಿನ್ ಇಳಿಸಬೇಕು. ಎರಡು ತಿಂಗಳು ಎಲ್ಲೂ ಹೋಗುವಂತಿಲ್ಲ.

ಬ್ರೀದರ್ ಆದರೆ ಬಸ್ಸು, ರಿಂಗು ಆದರೆ ಬೇಲಿ.

ಅವನ ಅಂಗೈ ಆ ಬೀದಿಗೆಲ್ಲ ಹೆಸರುವಾಸಿ. ಎಂಜಿನ್ ಓಡುತ್ತಿರುವಾಗ ಎಣ್ಣೆ ತುಂಬುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಅಂಗೈ ಆಡಿಸಿ, ಒಳಗೆ ಏನಾಗಿದೆಯೆಂದು ಹೇಳುತ್ತಿದ್ದ. ಇವತ್ತೂ ಅಭ್ಯಾಸಬಲದಿಂದ ಮುಚ್ಚಳ ತೆಗೆದ. ಬಿಸಿಯಾದ, ಹಸಿಯಾದ ಗಾಳಿ ಅಂಗೈಗೆ ಗುದ್ದಿತು, ಒಂದೇ ಸಮನೆ, ಬಿಡುವಿಲ್ಲದೆ. ಅಂಗೈ ಏನೋ ಹೇಳಲು ಹೊರಟಿತು. ಅವನು ಕಾದ ಬಾಣಲೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡು ಬಟ್ಟೆಗೆ ಒರೆಸಿದ. ಬ್ರೀದರ್ ಕಟ್ಟಿರುವಾಗ ಗಾಳಿ ಹೊಡೆಯದೆ ಇನ್ನೇನು ಮಾಡೀತು ಎಂದು ತನಗೆ ತಾನೇ ಹೇಳಿಕೊಂಡ. ಇವತ್ತು ಈ ಅಂಗೈ ಸಾಕ್ಷಿಯಲ್ಲ, ಕಕ್ಷಿದಾರ. ಅದರ ಮಾತು ನಡೆಯುವುದಿಲ್ಲ.

ಹಾಗಾಗಿ ಮೂಲೆಯಲ್ಲಿದ್ದ ಹಲಗೆ ತಂದ. ಅವನೇ ಮಾಡಿಕೊಂಡ ಒತ್ತಡದ ಅಳತೆಗೋಲು ಅದು: ಹಲಗೆಯ ಮೇಲೆ ಒಂದು ಪಾರದರ್ಶಕ ಪೈಪನ್ನು ಕೆಳಗೆ ಬಗ್ಗಿಸಿ ಎರಡು ಕಾಲು ಮೇಲೆ ಬರುವಂತೆ ಕಟ್ಟಿ, ಅರ್ಧದವರೆಗೆ ನೀಲಿ ಶಾಯಿ ಬೆರೆಸಿದ ನೀರು ತುಂಬಿದ್ದು. ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ಬಿಗಿಯಾಗಿ ಸಿಕ್ಕಿಸಿದರೆ, ಎಂಜಿನ್ನಿನ ಹೊಟ್ಟೆಯ ಒತ್ತಡಕ್ಕೆ ಇನ್ನೊಂದು ಕಾಲಿನ ನೀರು ಏರುತ್ತದೆ. ನಾಲ್ಕು ಬೆರಳಿನೊಳಗೆ ಇದ್ದರೆ ಎಂಜಿನ್ ಆರೋಗ್ಯ. ಡ್ರೈವರಮ್ಮ ಆಕ್ಸಿಲರೇಟರ್ ಒತ್ತಿದಳು. ನೀರು ಮೇಲಿನ ತುದಿಗೆ ಓಡಿ, ಪುಸಕ್ಕನೆ ಹೊರಗೆ ಚಿಮ್ಮಿ, ಊರಿಗೆ ಹೊರಡಲೆಂದು ಅವನು ಹಾಕಿಕೊಂಡಿದ್ದ ಬಿಳಿ ಅಂಗಿಗೆ ನೀಲಿ ಚುಕ್ಕೆ ಇಟ್ಟಿತು.

ಎಂಜಿನ್ ನಿಲ್ಲಿಸಿ ಬ್ರೀದರ್ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗಿನ ಫಿಲ್ಟರು ಇಟ್ಟಿಗೆಯಂತೆ ಗಟ್ಟಿಯಾಗಿ, ಡಾಂಬರಿನಂಥ ಮಡ್ಡಿ ಹಿಡಿದು ಕೂತಿತ್ತು. ಬೆರಳಿನಿಂದ ಒತ್ತಿದರೆ ಜಗ್ಗಲಿಲ್ಲ. ಅದರ ಮೇಲೆ ಬಾಯಿಟ್ಟು ಊದಿದ. ಎಳ್ಳಷ್ಟೂ ಗಾಳಿ ಆಚೆ ಹೋಗಲಿಲ್ಲ. ಅಷ್ಟು ಕೊಳಕಾದ ವಸ್ತುವನ್ನು ಅಷ್ಟು ಪ್ರೀತಿಯಿಂದ ನೋಡಿದ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ.

"ಬ್ರೀದರ್ ಕಟ್ಟಿದೆ!" ಎಂದು ಕೂಗಿದ. ಕೂಗಿದ್ದು ಡ್ರೈವರಮ್ಮನಿಗೆ, ಕೇಳಿಸಬೇಕಾದದ್ದು ಮೇಲಿನ ಕೋಣೆಗೆ. ಮೆಟ್ಟಿಲ ತುದಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. ತುಟಿಯ ಮೇಲೆ ಬೆರಳಿಟ್ಟು, ಸಾಕು, ಇನ್ನು ಮುಂದೆ ಒಂದಕ್ಷರ ಬೇಡ ಎಂದು ಸನ್ನೆ ಮಾಡಿ ಒಳಗೆ ಹೋದಳು.

"ಅಷ್ಟೇನಾ?" ಎಂದಳು ಡ್ರೈವರಮ್ಮ. "ಇಬ್ರೂ ದಡ್ಡರು ಸೀಲಿಗೆ ಗಂಟುಬಿದ್ದು ನನ್ನ ವಾರ ತಿಂದ್ರು!"

ಬಿಡಿಭಾಗದ ಅಂಗಡಿ ಎರಡು ಬೀದಿ ಆಚೆ. ಕಿರಿ ಮೇಸ್ತ್ರಿ ಹಳೆಯ ಫಿಲ್ಟರನ್ನು ಕಾಗದದಲ್ಲಿ ಸುತ್ತಿಕೊಂಡು ತಾನೇ ಹೋದ. ಟೈರಿನಂಗಡಿ, ಬೀಗ ರಿಪೇರಿಯವನು, ಮುಚ್ಚಿದ ಒಂದು ಫೋಟೊ ಸ್ಟುಡಿಯೊ. ಮೂಲೆಯಲ್ಲಿ ಬಸ್ ನಿಲ್ದಾಣದ ಸಿಮೆಂಟು ಬೆಂಚು. ಅಲ್ಲಿ ಒಬ್ಬಳು ಮಗುವಿಗೆ ಚಪ್ಪಲಿ ತೊಡಿಸುತ್ತಿದ್ದಳು. ಅವನಿಗೆ ಒಂದು ಗಳಿಗೆ, ಹೀಗೇ ಹೋಗಿ ಆ ಬೆಂಚಿನ ಮೇಲೆ ಕೂತುಬಿಟ್ಟರೆ ಹೇಗೆ ಎನಿಸಿತು. ಕಾಲಿಗೆ ಬುದ್ಧಿ ಹೇಳಿದರೆ ಮುಗಿಯಿತು. ಹೆಂಡತಿ ಹಿಂದಿನಿಂದ ಬ್ಯಾಗು ತರುತ್ತಾಳೆ. ಆದರೆ ಕೈಯಲ್ಲಿ ಇನ್ನೊಬ್ಬರ ಗಾಡಿಯ ಸಾಮಾನಿತ್ತು. ಅಂಗಡಿಯವನು ಹೊಸದನ್ನು ಹುಡುಕಿ ಕೊಡುವಷ್ಟರಲ್ಲಿ ಹನ್ನೆರಡೂ ಕಾಲು.

ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ತೊಳೆದ. ಮಡ್ಡಿ ತುಂಬಿದ ಹೋಸ್ ಪೈಪು ಬಿಚ್ಚಿ, ತಂತಿಗೆ ಬಟ್ಟೆ ಸುತ್ತಿ ಮೂರು ಸಲ ಎಳೆದ. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಎಣ್ಣೆ ಸವರಿ, ಅದು ಎಲ್ಲೂ ಮಡಚಿಕೊಳ್ಳದಂತೆ ಕೂರಿಸಿದ. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುವಿ, ಆಮೇಲೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದ. ಅವಸರವಿತ್ತು, ಆದರೂ ಕೈ ಅವಸರ ಮಾಡಲಿಲ್ಲ. ಅದಕ್ಕೆ ಅದು ಗೊತ್ತೇ ಇರಲಿಲ್ಲ. ಎತ್ತಿದ ಬಾನೆಟ್ಟು ಮುಂದಿನ ಗಾಜಿಗೆ ಅಡ್ಡ ಬಂದು ಒಳಗಿದ್ದ ಮುದುಕಿಗೆ ಹೊರಗಿನದೇನೂ ಕಾಣುತ್ತಿರಲಿಲ್ಲ.

"ಏನಾಯ್ತಪ್ಪಾ?" ಎಂದು ಒಳಗಿನಿಂದಲೇ ಕೂಗಿದಳು.

"ಗಾಳಿ ಕಟ್ಕೊಂಡಿತ್ತು ಅಜ್ಜಿ, ಬಿಡಿಸ್ದೆ."

"ನನ್ನ ಮಂಡಿಗೂ ಅಂಥದ್ದೊಂದು ಹಾಕಿಬಿಡು."

ಅವನು ನಕ್ಕ. ಎಷ್ಟೋ ದಿನದ ಮೇಲೆ ಆ ಶೆಡ್ಡಿನಲ್ಲಿ ನಿಂತು ಮನಸಾರೆ ನಕ್ಕ.

ಒಂದೂವರೆಗೆ ಮತ್ತೆ ಎಂಜಿನ್ ಶುರುಮಾಡಿಸಿದ. ಹಲಗೆಯ ನೀರು ಮೂರು ಬೆರಳಿಗೆ ಏರಿ ನಿಂತಿತು. ಅವನ ಕಣ್ಣಲ್ಲಿ ನೀರಾಡಿತು. "ಈಗ ಒತ್ತಿ" ಎಂದ. ಡ್ರೈವರಮ್ಮ ಒತ್ತಿದಳು. ನೀರು ನಾಲ್ಕಕ್ಕೆ ಬಂತು. ಐದು. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದುಕೊಂಡ. ಆರು. ಏಳು ಬೆರಳಿಗೆ ಹೋಗಿ ಅಲ್ಲೇ ನಡುಗುತ್ತ ನಿಂತುಕೊಂಡಿತು.

ಪೈಪು ಬಿಚ್ಚಿ ಮತ್ತೆ ಸಿಕ್ಕಿಸಿದ. ಏಳು. ಹಲಗೆಯನ್ನು ನೆಟ್ಟಗೆ ಹಿಡಿದ, ನೀರಿಗೆ ಇನ್ನಷ್ಟು ಶಾಯಿ ಹಾಕಿದ. ಶಾಯಿ ಹಾಕಿದರೆ ನೀರು ಇಳಿಯುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ಏಳೇ. ಹೊಸ ಬ್ರೀದರ್, ತೊಳೆದ ಪೈಪು, ಆದರೂ ಏಳು. ಬೆಳಿಗ್ಗೆ ಅಂಗೈ ಹೇಳಲು ಹೊರಟಿದ್ದು ಇದನ್ನೇ. ರಿಂಗು ಸವೆದಿದೆ. ಆ ಹೊಗೆಯೇ ಬ್ರೀದರನ್ನು ಕಟ್ಟಿಸಿದ್ದು. ಕಿರಿ ಮೇಸ್ತ್ರಿ ಹಲಗೆಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿ ಇಟ್ಟ. ಯಾರೂ ನೋಡಬಾರದೆಂದು. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ಮೊದಲ ಕಳ್ಳಕೆಲಸ ಅದು.

ಅಷ್ಟರಲ್ಲಿ ಹಿರಿ ಮೇಸ್ತ್ರಿ ಎದ್ದು ಬಂದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಲಗಿವಿಗೆ ಒತ್ತಿಕೊಂಡರು. ಹಳೆಯ ಕಾಲದ ಪರೀಕ್ಷೆ. ಕಿರಿ ಮೇಸ್ತ್ರಿ ಒಳಗೊಳಗೇ ಬೇಡಿಕೊಂಡ. ಮಾವನೇ ಹೇಳಲಿ. ಅವರೇ ಹೇಳಿದರೆ ನಿಯಮ ಅವರದು, ಗಾಡಿ ಅವರದು. ಹೇಳಿ ಮಾವ, ಒಂದು ಮಾತು, ರಿಂಗ್ ಹೋಗಿದೆ ಅಂತ ಹೇಳಿಬಿಡಿ.

"ಸರಿಯಿದೆ" ಎಂದರು ಹಿರಿ ಮೇಸ್ತ್ರಿ. ಸ್ಕ್ರೂಡ್ರೈವರ್ ಕೆಳಗಿಟ್ಟು ಕೈಗಳನ್ನು ಜೇಬಿಗೆ ಸೇರಿಸಿದರು. "ಅಮ್ಮಾ, ಅವಸರ ಬೇಡ. ಎಂಜಿನ್ ಆರಲಿ. ಊಟ ಮಾಡ್ಕೊಂಡು ಮೂರು ಗಂಟೆಗೆ ಗಾಡಿ ತೆಗೀರಿ, ಅದಕ್ಕೆ ಮುಂಚೆ ಬೇಡ." ಆಮೇಲೆ ಅಳಿಯನ ಕಡೆ ತಿರುಗಿದರು. "ಅಳಿಯಂದ್ರೇ, ನಿಮಗೆ ಹೊತ್ತಾಯ್ತಲ್ಲ. ಹೊರಡಿ."

ಹೊರಡಿ. ಈ ಮಾತು ಅವರ ಬಾಯಿಂದ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಕಿರಿ ಮೇಸ್ತ್ರಿಗೆ ಸಂತೋಷವಾಗಲಿಲ್ಲ. ಪಾಪ, ಮುದುಕನಿಗೆ ಕಿವಿ ಹೋಗಿದೆ. ಊರಿಗೆಲ್ಲ ಎಂಜಿನ್ನಿನ ಸದ್ದು ಕಲಿಸಿದವರಿಗೆ ಈಗ ಇಷ್ಟು ದೊಡ್ಡ ಸದ್ದು ಕೇಳಿಸುತ್ತಿಲ್ಲ. ಮೂರು ಗಂಟೆಯಂತೆ, ಏನಾದರೊಂದು ದೊಡ್ಡವರ ಮಾತು ಹೇಳಬೇಕೆಂದು ಹೇಳಿದ್ದು.

ಮುಖ ತೊಳೆಯುವ ನೆಪದಲ್ಲಿ ಡ್ರೈವರಮ್ಮನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಅಕ್ಕಾ, ಮುಂದಿನ ಊರಲ್ಲಿ ಒಂದ್ಸಲ ಎಂಜಿನ್ ತೋರ್ಸಿಬಿಡಿ" ಎಂದ.

"ಯಾಕಣ್ಣಾ? ಸರಿಯಿದೆ ಅಂದ್ರಲ್ಲ ಹಿರಿಯರು?"

"ಸುಮ್ನೆ."

"ಸುಮ್ ಸುಮ್ನೆ ಯಾರಾದ್ರೂ ಎಂಜಿನ್ ತೋರಿಸ್ತಾರಾ?" ಅವಳು ನಕ್ಕಳು. "ಮುಂದಿನ ಊರು ಇಳಿಜಾರು ಮುಗಿದ ಮೇಲೆ. ಹದಿನೆಂಟು ತಿರುವು. ಬೆಳಕಿರುವಾಗ್ಲೇ ಇಳಿದುಬಿಟ್ರೆ ಸಾಕು ನನಗೆ."

ಇಳಿಜಾರು. ಬ್ರೀದರಿನ ಹೋಸ್ ಪೈಪು ಹೋಗಿ ಸೇರುವುದು ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿಗೆ. ಒತ್ತಡ ಹೀಗೇ ಇದ್ದರೆ ಒಂದು ದಿನ ಎಣ್ಣೆಯೇ ಆ ದಾರಿಯಲ್ಲಿ ಮೇಲೆ ಹೋಗುತ್ತದೆ. ಆಗ ಎಂಜಿನ್ ಡೀಸೆಲ್ ಬಿಟ್ಟು ತನ್ನ ಎಣ್ಣೆಯನ್ನೇ ಕುಡಿದು ಓಡತೊಡಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಡೀಸೆಲ್ ಮುಚ್ಚಿದರೂ ನಿಲ್ಲುವುದಿಲ್ಲ. ಕಿರುಚುತ್ತ ಕಿರುಚುತ್ತ ವೇಗ ಏರಿಸಿಕೊಂಡು, ಒಡೆದ ಮೇಲೆಯೇ ನಿಲ್ಲುವುದು. ಅವನು ಒಮ್ಮೆ ಅದನ್ನು ಕಂಡಿದ್ದ, ಸಮತಟ್ಟು ರಸ್ತೆಯಲ್ಲಿ. ಹೆಂಚಿನ ಲೋಡು ಹೊತ್ತು, ತಿರುವಿನಲ್ಲಿ, ಇಳಿಯಲಾಗದ ಮುದುಕಿಯೊಬ್ಬಳು ಕ್ಯಾಬಿನ್ನಿನ ಹಲಗೆಯ ಮೇಲಿರುವಾಗ ಅಲ್ಲ. ಇವತ್ತೇ ಆಗಬೇಕೆಂದೇನಿಲ್ಲ ಎಂದುಕೊಂಡ. ಆರು ತಿಂಗಳು ಆಗದೆಯೂ ಇರಬಹುದು. ಆಗದೆಯೇ ಇರಬಹುದು.

ಹೆಂಡತಿ ಮೆಟ್ಟಿಲಿಳಿದು ಬಂದಳು. ಒಂದು ಕೈಯಲ್ಲಿ ದೊಡ್ಡ ಬ್ಯಾಗು, ಇನ್ನೊಂದರಲ್ಲಿ ಡಿಪೋದ ಕಾಗದವಿದ್ದ ಚೀಲ. ಮುಖ ಬೆಳಗುತ್ತಿತ್ತು. ಅವಳು ಆ ಮೆಟ್ಟಿಲನ್ನು ಅಷ್ಟು ಹಗುರವಾಗಿ ಇಳಿದದ್ದನ್ನು ಅವನು ನೋಡಿಯೇ ಇರಲಿಲ್ಲ. ಅಪ್ಪನ ಕಾಲು ಮುಟ್ಟಲು ಬಗ್ಗಿದಳು. ಅವರು ಜೇಬಿನಿಂದ ಕೈ ತೆಗೆಯದೆಯೇ ತಲೆಯಾಡಿಸಿದರು. "ಹೋಗಮ್ಮ, ಹೋಗು. ಬಸ್ಸು ಕಾಯಲ್ಲ."

ಗೇಟಿನ ಹಳಿ ದಾಟಿ ಅವಳು ಹೊರಗೆ ನಿಂತಳು. ಕಿರಿ ಮೇಸ್ತ್ರಿ ಒಂದು ಕಾಲು ಆಚೆ ಇಟ್ಟ. ಹೊರಗಿನ ಬಿಸಿಲು ಚಪ್ಪಲಿಗೆ ತಾಗಿತು. ಇನ್ನೊಂದು ಕಾಲು ಎತ್ತಿದರೆ ಮುಗಿಯಿತು.

"ಮೇಸ್ತ್ರಿ ಹೊರಟ್ರಂತೆ, ಅವ್ರಿಗೆ ಒಂದು ಮಾತು ಹೇಳೇ" ಎಂದಿತು ಕ್ಯಾಬಿನ್ನಿನ ಒಳಗಿನ ದನಿ. ಡ್ರೈವರಮ್ಮ ಕೈ ಬೀಸಿ, "ಅಮ್ಮ ಹರಸ್ತಿದ್ದಾಳೆ ಅಣ್ಣಾ. ಹೋದಲ್ಲಿ ಚೆನ್ನಾಗಿರಿ ಅಂತ" ಎಂದಳು.

ಅವನು ತಿರುಗಿದ. ಹೆಂಡತಿ ಅವನ ಮುಖ ನೋಡಿದಳು. ನೋಡಿದವಳೇ ಅಂಗಿಯ ತೋಳು ಹಿಡಿದುಕೊಂಡಳು. "ಬೇಡ ರೀ" ಎಂದಳು ಪಿಸುದನಿಯಲ್ಲಿ. "ದಮ್ಮಯ್ಯ, ಬೇಡ."

"ಗಾಡಿ ತೆಗೀಬೇಡಿ ಅಕ್ಕಾ" ಎಂದ ಕಿರಿ ಮೇಸ್ತ್ರಿ. ದನಿ ತನ್ನದಲ್ಲವೆನ್ನಿಸಿತು. "ರಿಂಗ್ ಹೋಗಿದೆ. ಎಂಜಿನ್ ಬಿಚ್ಚಬೇಕು."

"ಬಾಯಿ ಮುಚ್ಚೋ ಮುಟ್ಠಾಳ!"

ಕೂಗಿದ್ದು ಹಿರಿ ಮೇಸ್ತ್ರಿ. ಅಳಿಯಂದಿರೇ ಎಂದು ಬಹುವಚನ ಬಿಟ್ಟು ಮಾತಾಡದವರು, ಸೀಟಿನಿಂದ ಎದ್ದು ನಿಂತು, ಕುತ್ತಿಗೆಯ ನರ ಉಬ್ಬಿಸಿಕೊಂಡು ಕೂಗಿದರು. "ನನಗೆ ಕಿವುಡು ಅಂದ್ಕೊಂಡ್ಯಾ? ಆ ಗಾಡಿ ಬೀದಿ ತಿರುಗೋವಾಗಲೇ ನನಗೆ ಕೇಳಿಸ್ತು. ನಿನ್ನ ಬಸ್ಸು ಹೋದಮೇಲೆ ನಾನೇ ಹೇಳ್ತಿದ್ದೆ. ಅದಕ್ಕೇ ಮೂರು ಗಂಟೆ ಅಂದಿದ್ದು. ನಾನೇ ಹೇಳಿ ನಾನೇ ಬಿಚ್ತಿದ್ದೆ!"

ಡ್ರೈವರಮ್ಮ ಕೈಯಲ್ಲಿದ್ದ ಲಾರಿಯ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕ್ರೇನು ಬಂದಾಗಲೂ ನನಗೆ ಗೊತ್ತಿತ್ತು" ಎಂದರು ಅವರು, ದನಿ ಇಳಿದಿತ್ತು. "ಬೋರ್‌ವೆಲ್ ಗಾಡಿ ಬಂದಾಗಲೂ. ಎರಡು ಸಲವೂ ಬಾಯಿ ಮುಚ್ಕೊಂಡು ಕೂತೆ, ನೀನೇ ಹೇಳಿ ಇಲ್ಲೇ ಉಳ್ಕೊಳ್ಳಲಿ ಅಂತ. ಹೇಳ್ತೀಯ ಅಂತ ಗೊತ್ತಿತ್ತು. ಇದೊಂದು ಸಲವಾದ್ರೂ ಮಗಳಿಗೆ ಮೋಸ ಮಾಡಬಾರದು ಅಂತಿದ್ದೆ."

"ಮಾವ, ನೀವು ಮೊದಲೇ ಹೇಳಿದ್ರೆ..."

"ನೀನಿದ್ದಾಗ ಹೇಳಿದ್ರೆ ನೀನು ಹೋಗ್ತಿದ್ಯಾ?" ಅವರು ಜೇಬಿನಿಂದ ಕೈ ತೆಗೆದು, ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡು, ಎಂಜಿನ್ನಿನ ಬೋಲ್ಟಿಗೆ ಹಿಡಿದರು. ಸ್ಪ್ಯಾನರ್ ಕೂರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಟಕಟಕ ಟಕಟಕ ಎಂದಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಮತ್ತೆ ನೋಡಿದರು; ಎರಡೂ ಸೇರಿ ನಡುಗಿದವು. ಡ್ರೈವರಮ್ಮ ಬೇರೆ ಕಡೆ ಮುಖ ಮಾಡಿದಳು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಎರಡು ವರ್ಷದಿಂದ ಅಪ್ಪ ಜೇಬಿನಲ್ಲಿ ಬಚ್ಚಿಟ್ಟುಕೊಂಡದ್ದು ಏನೆಂದು ಅವಳಿಗೂ ಈಗಲೇ ಗೊತ್ತಾದದ್ದು.

ಕಿರಿ ಮೇಸ್ತ್ರಿ ಬಂದು ಸ್ಪ್ಯಾನರ್ ತೆಗೆದುಕೊಳ್ಳಲು ಹೋದ. ಮುದುಕ ಬಿಡಲಿಲ್ಲ. ಇಬ್ಬರೂ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಹಿಡಿತ ತಾನಾಗಿ ಸಡಿಲವಾಯಿತು.

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಮೂರು ಗಂಟೆಗೆ ಮಾವ ಗಾಡಿ ನಿಲ್ಲಿಸುತ್ತಿದ್ದರು, ಯಾರನ್ನೋ ಕರೆಸಿಯೋ ಕಾಡಿ ಬೇಡಿಯೋ ಕೆಲಸ ಮುಗಿಸುತ್ತಿದ್ದರು, ಮುದುಕಿಯೂ ಬದುಕುತ್ತಿದ್ದಳು, ತಾನೂ ಆಚೆ ಇರುತ್ತಿದ್ದ. ಒಂದೇ ಒಂದು ಸಲ ಕೆಟ್ಟವನಾಗಿದ್ದರೆ ಸಾಕಿತ್ತು. ಅವನಿಗೆ ಅಳು ಬಂತು. ಅತ್ತೂಬಿಟ್ಟ, ಎಲ್ಲರ ಮುಂದೆಯೇ, ನೀಲಿ ಚುಕ್ಕೆಯ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತ.

ಹೆಂಡತಿ ಒಳಗೆ ಬರಲಿಲ್ಲ. ಗೇಟಿನ ಆಚೆಯೇ ನಿಂತಿದ್ದಳು.

"ನಾನು ಹೊರಡ್ತೀನಿ" ಎಂದಳು. "ಡಿಪೋದವರಿಗೆ ಎಲ್ಲ ಹೇಳಿ ನೋಡ್ತೀನಿ. ಎರಡು ತಿಂಗಳು ಕಾಯ್ತಾರೋ ಇಲ್ವೋ. ಕಾಯದಿದ್ರೆ ಅಲ್ಲೇ ಏನಾದ್ರೂ ಕೆಲಸ ಹುಡುಕ್ತೀನಿ. ಈ ಬ್ಯಾಗನ್ನ ಆ ಮೆಟ್ಟಿಲ ಮೇಲೆ ಇನ್ನೊಂದು ಸಲ ಹತ್ತಿಸೋಕೆ ನನ್ನ ಕೈಲಾಗಲ್ಲ."

"ಸಿಟ್ಟು ಮಾಡ್ಕೋಬೇಡ."

"ಸಿಟ್ಟಿಲ್ಲ ರೀ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ನೆಟ್ಟಗಿತ್ತು. "ನೀವು ಸರಿಯಾದ್ದನ್ನೇ ಮಾಡಿದ್ರಿ. ಮುಂದಿನ ಸಲವೂ ಇದನ್ನೇ ಮಾಡ್ತೀರಿ. ಅದಕ್ಕೇ ಹೊರಟೆ."

ಅವಳು ಟೈರಿನಂಗಡಿ ದಾಟುವ ತನಕ ಮೂವರೂ ನೋಡಿದರು. ಭಾರಕ್ಕೆ ಬ್ಯಾಗಿನ ಕೈ ಬದಲಾಯಿಸಿಕೊಂಡಳು, ನಿಲ್ಲಲಿಲ್ಲ.

"ಅವಳ ಹಿಂದೆ ಹೋಗೋ" ಎಂದರು ಹಿರಿ ಮೇಸ್ತ್ರಿ. "ನಿಯಮ ನಾನು ಮಾಡಿದ್ದು. ನಾನೇ ಮುರೀತೀನಿ. ಹೋಗು."

ಕಿರಿ ಮೇಸ್ತ್ರಿ ಮೂಲೆಯ ಕಡೆ ನೋಡಿದ. ಬಸ್ಸು ಇನ್ನೂ ಬಂದಿರಲಿಲ್ಲ. ಹತ್ತು ನಿಮಿಷವಿತ್ತು. ಯಾರೂ ಅವನನ್ನು ಹಿಡಿದುಕೊಂಡಿರಲಿಲ್ಲ, ಗೇಟು ತೆರೆದೇ ಇತ್ತು. ಮಾವನ ಕೈ ನೋಡಿದ. ಕ್ಯಾಬಿನ್ನಿನಲ್ಲಿ ಏನಾಗುತ್ತಿದೆಯೆಂದು ತಿಳಿಯದೆ ಮುದುಕಿ ಮಗಳ ಹೆಸರು ಹಿಡಿದು ಕರೆಯುತ್ತಿದ್ದಳು.

"ಅಜ್ಜಿನ ಮೊದಲು ಕೆಳಗಿಳಿಸೋಣ" ಎಂದ. "ಎರಡು ತಿಂಗಳು ಅಲ್ಲಿ ಮಲಗೋಕಾಗಲ್ಲ. ಮೇಲಿನ ಕೋಣೆ ಖಾಲಿ ಇದೆ."